ಬೆಳಗಿನ ಪಾಳಿ ಯಾರದು?

ಸರ್ಟಿಫಿಕೇಟು ಬಂದ ದಿನ ಉಪ್ಪಾರಹಳ್ಳಿಯ ಶಿವಮೂರ್ತಿ ಮೇಷ್ಟ್ರ ಮನೆಯಲ್ಲಿ ಕೇಸರಿಬಾತ್ ಆಯಿತು. ಅಕ್ಕಪಕ್ಕದ ಮನೆಗಳಿಗೂ ಡಬ್ಬಿಯಲ್ಲಿ ಹೋಯಿತು. ಶಿವರಾತ್ರಿ ಕಳೆದು ಇನ್ನೂ ವಾರವಾಗಿರಲಿಲ್ಲ. ಹಬ್ಬಕ್ಕೆ ತಂದ ದ್ರಾಕ್ಷಿ ಗೋಡಂಬಿ ಮಿಕ್ಕಿದ್ದವು, ಸುಧಾ ಕೈ ಬಿಗಿ ಮಾಡದೆ ಎಲ್ಲವನ್ನೂ ಹಾಕಿದ್ದಳು. ಸರ್ಟಿಫಿಕೇಟಿನ ಮೇಲಿದ್ದದ್ದು ಅವರ ಕಿರಿಮಗ ಚೈತನ್ಯನ ಹೆಸರು. ಕಂಪ್ಯೂಟರ್ ಪ್ರೋಗ್ರಾಮಿಂಗಿನ ಮೊದಲ ಹಂತವನ್ನು ಅವನು ಯಶಸ್ವಿಯಾಗಿ ಮುಗಿಸಿದ್ದಾನೆ ಎಂದು ಅದರಲ್ಲಿ ಬರೆದಿತ್ತಂತೆ. ‘ಅಂತೆ’ ಯಾಕೆಂದರೆ ಚೈತನ್ಯ ಅದನ್ನು ಓದಿರಲಿಲ್ಲ. ಬಿ.ಕಾಂ. ಎರಡನೇ ವರ್ಷದ ಹೊತ್ತಿಗೇ ಅವನ ಎರಡೂ ಕಣ್ಣು ಪೂರ್ತಿ ಹೋಗಿದ್ದವು. ಅಣ್ಣ ಅಶ್ವಥ್ ಓದಿ ಹೇಳಿದ, ಅಪ್ಪ ಇನ್ನೊಂದು ಸಲ ಓದಿ ಹೇಳಿದರು. ಅಜ್ಜಿ ಲಕ್ಷ್ಮೀದೇವಮ್ಮ ಹಾಳೆಯನ್ನು ಸವರಿ ನೋಡಿ, “ಗಟ್ಟಿ ಪೇಪರ್ರು ಕಣ್ಲಾ, ಮದ್ವೆ ಕಾಗ್ದ ಇದ್ದಂಗೈತೆ” ಎಂದು ಮೆಚ್ಚಿಕೊಂಡಳು.

ಎಲ್ಲರೂ ಚಪ್ಪರಿಸಿ ತಿಂದರು. ಚೈತನ್ಯನ ಕೇಸರಿಬಾತ್ ಮಾತ್ರ ತಟ್ಟೆಯಲ್ಲೇ ಉಳಿಯಿತು.

ಆ ಸರ್ಟಿಫಿಕೇಟು ಮನೆಗೆ ಬಂದ ಬಗೆ ಹೀಗೆ. ಅಶ್ವಥ್ ದಿನಾ ಬಸ್ಸಿನಲ್ಲಿ ಕುಣಿಗಲ್ಲಿಗೆ ಹೋಗಿ ಅಲ್ಲಿನ ಬೈಕ್ ಶೋರೂಮಿನಲ್ಲಿ ಕೆಲಸ ಮಾಡಿ ಬರುತ್ತಿದ್ದ. ಅದೇ ಊರಿನಲ್ಲಿ ಅವನ ಸ್ನೇಹಿತನೊಬ್ಬ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ. ‘ಮಕ್ಕಳೂ ಕಲೀತಾರೆ, ಅಷ್ಟು ಸುಲಭ’ ಎಂದು ಅವನು ತೋರಿಸಿದ ಪಾಠದಲ್ಲಿ ಬಣ್ಣಬಣ್ಣದ ತುಂಡುಗಳಿದ್ದವು. ಅವನ್ನು ಮೌಸಿನಿಂದ ಎಳೆದು ಒಂದರ ಕೆಳಗೊಂದು ಕೂಡಿಸಿದರೆ ತೆರೆಯ ಮೇಲೊಂದು ಆನೆ ನಡೆಯುತ್ತಿತ್ತು. ನೋಡಿ ಅಶ್ವಥ್‌ಗೆ ಖುಷಿಯೋ ಖುಷಿ. ಸುಲಭವಾದದ್ದು ತಮ್ಮನಿಗೆ ಸುಲಭವಾಗದೆ ಇನ್ಯಾರಿಗೆ ಆದೀತು ಎಂದುಕೊಂಡ. ಬಣ್ಣವೂ ಕಾಣದ, ಮೌಸಿನ ಬಾಣವೂ ಕಾಣದವನಿಗೆ ಅದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ಚೈತನ್ಯನ ಲ್ಯಾಪ್‌ಟಾಪಿನಲ್ಲಿ ತೆರೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶವಿತ್ತು. ಆ ಪಾಠ ತೆರೆದರೆ ಅದು ‘ಚಿತ್ರ, ಚಿತ್ರ, ಚಿತ್ರ’ ಎಂದು ಮೂರು ಸಲ ಹೇಳಿ ಬಾಯಿ ಮುಚ್ಚಿಕೊಳ್ಳುತ್ತಿತ್ತು.

ಹಾಗಾಗಿ ಅಶ್ವಥ್ ಸಂಜೆ ಬಂದವನು ಮುಖವನ್ನೂ ತೊಳೆಯದೆ ತಮ್ಮನ ಪಕ್ಕ ಕೂತು ಮೌಸ್ ಹಿಡಿಯುತ್ತಿದ್ದ. ಮೊದಮೊದಲು “ಮುಂದೇನ್ ಮಾಡ್ಲಿ ಹೇಳು” ಎನ್ನುತ್ತಿದ್ದ. ಆಮೇಲೆ “ಇದನ್ನ ಇಲ್ಲಿಡ್ತೀನಿ, ಸರಿನಾ?” ಎಂದಾಯಿತು. ಕೊನೆಕೊನೆಗೆ ಕೇಳುವುದನ್ನೂ ಬಿಟ್ಟ. ಎಲ್ಲವನ್ನೂ ಪ್ರೀತಿಯಿಂದಲೇ ಮಾಡಿದ. ಪ್ರೀತಿಯಿಂದ ಮಾಡಿದ್ದನ್ನು ಬೇಡ ಎನ್ನುವುದು ಎಂಥ ಕಷ್ಟವೆಂದು ನಾಲ್ಕು ಜನರ ಮನೆಯಲ್ಲಿ ಬಾಳಿದವರಿಗೆಲ್ಲ ಗೊತ್ತು.

ರಾತ್ರಿ ಊಟಕ್ಕೆ ಮುದ್ದೆ, ಹುರುಳಿಕಾಳಿನ ಬಸ್ಸಾರು. ಸುಧಾ ಎಂದಿನಂತೆ ಚೈತನ್ಯನ ತಟ್ಟೆಯಲ್ಲಿ ಮುದ್ದೆ ಮುರಿದು, ಸಾರು ಬಿಟ್ಟು, ಅವನ ಕೈಯನ್ನು ತಟ್ಟೆಗೆ ಮುಟ್ಟಿಸಿದಳು. ಚೈತನ್ಯ ತುತ್ತು ಮಾಡಲಿಲ್ಲ.

“ಅಣ್ಣಾ, ಆ ಸರ್ಟಿಫಿಕೇಟು ನಂದಲ್ಲ” ಎಂದ.

“ನಿಂದಲ್ದೆ ಪಕ್ಕದ್ಮನೆಯವ್ರದಾ? ಹೆಸ್ರು ನೋಡು...” ಎಂದ ಅಶ್ವಥ್ ನಾಲಿಗೆ ಕಚ್ಚಿಕೊಂಡ.

“ಆನೆ ನಡೆಸಿದ್ದು ನೀನು. ನಾನು ಪಕ್ಕದಲ್ಲಿ ಕೂತಿದ್ದೆ, ಅಷ್ಟೆ.”

“ನೀನ್ ಹೇಳ್ದಂಗೇ ಅಲ್ವೇನೋ ನಾನ್ ಮಾಡಿದ್ದು?”

“ಮೊದಲ್ನೇ ವಾರ. ಆಮೇಲೆ?”

ಅಶ್ವಥ್ ತಟ್ಟೆ ಸರಿಸಿದ ಸದ್ದು ಕೇಳಿಸಿತು. “ಕುಣಿಗಲ್‌ನಿಂದ ಬಸ್ಸಲ್ಲಿ ನಿಂತ್ಕೊಂಡೇ ಬಂದು, ಕಾಲ್ ನೋವು ಅನ್ನದೆ ನಿನ್ ಪಕ್ಕ ಕೂತಿದ್ನಲ್ಲ, ಅದಕ್ಕೆ ಇದಾ ಮರ್ಯಾದೆ? ನಾಳೆ ಫ್ರೇಮ್ ಹಾಕ್ಸಕ್ಕೆ ಬೇರೆ ಹೇಳಿದೀನಿ!”

“ಅಣ್ಣ ಅಷ್ಟೊಂದ್ ಮಾಡವ್ನೆ, ಒಪ್ಕೊಂಬುಡೋ ಚೈತು” ಎಂದಳು ಸುಧಾ. “ಯಾರ್ ಬಂದು ಪರೀಕ್ಷೆ ಮಾಡ್ತಾರೆ?”

“ಅದೇ ಅಮ್ಮ, ಯಾರೂ ಮಾಡಲ್ಲ. ನನಗೇ ಬರಲ್ಲ ಅನ್ನೋದು ನನಗೊಬ್ಬನಿಗೇ ಗೊತ್ತಿರುತ್ತೆ.”

ಶಿವಮೂರ್ತಿಯವರು ಊರ್ಡಿಗೆರೆಯ ಹೈಸ್ಕೂಲಿನಲ್ಲಿ ಮೇಷ್ಟ್ರು. ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುವುದು ಅವರ ಅಭ್ಯಾಸ. ಹಾಗೆ ಮಾಡಿದರೆಂದರೆ ಮನೆಯಲ್ಲಿ ಒಂದು ತೀರ್ಮಾನವಾಗುತ್ತದೆ ಎಂದೇ ಲೆಕ್ಕ. “ಗುಬ್ಬಿಯಿಂದ ಅಕ್ಕ ಮತ್ತೆ ಫೋನ್ ಮಾಡಿದ್ಲು” ಎಂದರು. ಅವರ ಅಕ್ಕ ಕರಿಬಸಮ್ಮನ ಮನೆಯವರದು ಗುಬ್ಬಿಯಲ್ಲಿ ತೆಂಗಿನಕಾಯಿ ಮಂಡಿ. “ಮಂಡೀಲಿ ಫೋನ್ ತಗೊಳ್ಳೋಕೆ ನಂಬಿಕಸ್ಥರು ಬೇಕಂತೆ. ಕೂತ ಕಡೆ ಕೆಲಸ, ಮನೆ ಊಟ. ಚೈತನ್ಯನ ಕಳ್ಸು ಅಂತಾಳೆ. ಯುಗಾದಿ ಕಳೀಲಿ ಅಂದಿದೀನಿ.”

“ಗುಬ್ಬಿ ಅತ್ತೆ ಒಳ್ಳೇವ್ರೇ ಅಪ್ಪ. ಆದ್ರೆ ಅಲ್ಲೂ ಅಷ್ಟೆ, ಅವರು ಕೂರಿಸಿದ ಕಡೆ ಕೂತಿರಬೇಕು. ಕಾಫಿ ಕೈಗೇ ಬರುತ್ತೆ, ಚಪ್ಪಲಿ ಕಾಲಿಗೇ ಬರುತ್ತೆ. ಇಲ್ಲಿಗೂ ಅಲ್ಲಿಗೂ ವ್ಯತ್ಯಾಸ ಏನು?”

“ಹಂಗಾರೆ ಯುಗಾದಿವರ್ಗೂ ಟೈಮು. ಯಾರ ಕೈಯೂ ತಾಕದಂಗೆ, ನೀನೊಬ್ನೇ ಏನಾದ್ರೂ ಒಂದು ಮಾಡಿ ತೋರ್ಸು. ಆಗ್ಲಿಲ್ವಾ, ಗುಬ್ಬಿ.”

ಸುಧಾ ಎದ್ದು ಅಡುಗೆಮನೆಗೆ ಹೋದಳು. ಸಂಜೆ ಮಾಡಿಟ್ಟುಕೊಂಡ ಕಾಫಿ ಅವಳು ಕುಡಿಯುವ ಹೊತ್ತಿಗೆ ಆರಿರುತ್ತಿತ್ತು. ಬಿಸಿಗಿಟ್ಟು ಬರುವಷ್ಟರಲ್ಲಿ ಯಾರೋ ಉಪ್ಪಿನಕಾಯಿ ಕೇಳುತ್ತಿದ್ದರು, ಅದು ಮತ್ತೆ ಆರುತ್ತಿತ್ತು. ಬೆಳಗಿನ ಕಾಫಿಯ ಹಣೆಬರಹವೂ ಇದೇ. ಒಲೆಯ ಮೇಲೆ ಆ ಪುಟ್ಟ ಪಾತ್ರೆ ಮತ್ತೆ ಮತ್ತೆ ಕೂರುವ ಸದ್ದು ಚೈತನ್ಯನಿಗೆ ಹುಟ್ಟಿದಾಗಿನಿಂದ ಪರಿಚಯ.

ಅಣ್ಣ ಆರಿಸಿದ್ದು ಬೇಡ ಎಂದಮೇಲೆ ತನಗೆ ಯಾವುದು ಬೇಕು ಎಂದು ಹೇಳಬೇಕಲ್ಲ. ಮಾರನೆಯ ದಿನ ಚೈತನ್ಯ ಅಮೃತೂರಿನ ಅರುಣಾಗೆ ಫೋನ್ ಮಾಡಿದ. ಅರುಣಾ ಹುಟ್ಟುಕುರುಡಿ. ಮನೆಯಲ್ಲೇ ಕೂತು ಕಂಪನಿಯೊಂದಕ್ಕೆ ವೆಬ್‌ಸೈಟುಗಳನ್ನು ಪರೀಕ್ಷೆ ಮಾಡಿಕೊಡುವ ಕೆಲಸ ಅವಳದು. ಕಣ್ಣು ಕಾಣದವರ ವಾಟ್ಸಾಪ್ ಗುಂಪೊಂದರಲ್ಲಿ ಇಬ್ಬರಿಗೂ ದನಿಯ ಪರಿಚಯ. ಅವಳ ಮಾತು ಕುಣಿಗಲ್ ಪ್ರೈವೇಟ್ ಬಸ್ಸಿನ ಹಾಗೆ, ಸ್ಟಾಪ್ ಬಂದರೂ ಪೂರ್ತಿ ನಿಲ್ಲುತ್ತಿರಲಿಲ್ಲ.

“ಮೊದ್ಲು ಆ ಮೌಸ್ ಕಿತ್ತು ಅಣ್ಣನ ಕೈಗೆ ಕೊಡು” ಎಂದಳು. “ಯಾವ್ದೇ ಸಾಫ್ಟ್‌ವೇರ್ ತಗೋ, ಕೆಲಸ ಎಲ್ಲಾ ಕೀಬೋರ್ಡಲ್ಲೇ ಆಗುತ್ತಾ? ಆಗಿದ್ದನ್ನ ಅದು ಬಾಯಿಬಿಟ್ಟು ಹೇಳುತ್ತಾ? ತಪ್ಪಾದ್ರೂ ಹೇಳುತ್ತಾ? ಇಷ್ಟು ನೋಡು. ಲೋಕ ಎಲ್ಲಾ ಹೊಗಳ್ಲಿ, ನಿನ್ನ ಹತ್ರ ಮಾತಾಡ್ದೇ ಇದ್ರೆ ಅದು ನಿನ್ಗಲ್ಲ.”

“ನೀವು ಯಾವ್ದು ಬಳಸ್ತೀರಾ ಅಕ್ಕಾ? ಅದನ್ನೇ ಹಾಕ್ಕೋತೀನಿ.”

“ಹೇಳಲ್ಲ, ಹೋಗೋ. ಅಣ್ಣ ಆರಿಸಿದ್ದು ಆಯ್ತು, ಈಗ ಅಕ್ಕ ಆರಿಸಿದ್ದಾ? ನೀನೇ ಒಂದೊಂದಾಗಿ ನೋಡು. ಸಿಕ್ಹಾಕ್ಕೊಂಡ್ರೆ ಫೋನ್ ಮಾಡು.”

ಚೈತನ್ಯ ಮೌಸ್ ಕಿತ್ತು ಅಣ್ಣನ ಮಂಚದ ಮೇಲಿಟ್ಟ. ಅಶ್ವಥ್ ಅದನ್ನು ನೋಡಿದ. ಆ ವಾರವೆಲ್ಲ ಅವನು ತಮ್ಮನೊಡನೆ ಮಾತಾಡಿದ್ದು “ಸರ್ಕೋ” ಮತ್ತು “ಟವೆಲ್ ಎಲ್ಲಿ” ಎಂಬೆರಡು ಮಾತು ಮಾತ್ರ.

ಮನೆಯಲ್ಲಿ ನಿಜವಾದ ಯುದ್ಧ ಶುರುವಾದದ್ದು ಆಮೇಲೆ. ಚೈತನ್ಯನ ಲ್ಯಾಪ್‌ಟಾಪಿನಲ್ಲಿದ್ದ ಓದುವ ತಂತ್ರಾಂಶಕ್ಕೆ ಎನ್‌ವಿಡಿಎ ಎಂದು ಹೆಸರು. ದುಡ್ಡಿಲ್ಲದೆ ಸಿಗುವಂಥದು. ಒತ್ತಿದ ಅಕ್ಷರ, ತೆರೆದ ಕಿಟಕಿ, ಸರಿದ ಸಾಲು ಎಲ್ಲವನ್ನೂ ಅದು ಮೂಗಿನಲ್ಲಿ, ಉಸಿರು ತೆಗೆದುಕೊಳ್ಳದೆ ಹೇಳುತ್ತಿತ್ತು. ಲಕ್ಷ್ಮೀದೇವಮ್ಮ ಅದಕ್ಕೆ ‘ಪಿಟಿಪಿಟಿ ರಾಯ’ ಎಂದು ಹೆಸರಿಟ್ಟಳು. ಅವಳ ಸೀರಿಯಲ್ಲಿನಲ್ಲಿ ಸೊಸೆ ಅಳುವ ಹೊತ್ತಿಗೆ ಸರಿಯಾಗಿ ರಾಯ ಪಕ್ಕದ ಕೋಣೆಯಿಂದ ಅಕ್ಷರಮಾಲೆ ಶುರು ಮಾಡುತ್ತಿದ್ದ.

“ಲೋ ಚೈತು, ನಿನ್ ರಾಯಂಗೆ ಚೂರು ತಡ್ಕಳಕ್ಕೇಳೋ! ಅವ್ಳು ಯಾಕ್ ಅತ್ಲು ಅಂತ ಗೊತ್ತಾಗ್ಲಿಲ್ಲ.”

“ಅವ್ಳು ದಿನಾ ಅಳ್ತಾಳೆ ಬುಡಜ್ಜಿ.”

“ದಿನಾ ಬೇರೆ ಬೇರೆ ಕಾರಣಕ್ಕೆ ಅಳ್ತಾಳೆ ಕಣ್ಲಾ!”

ಶಿವಮೂರ್ತಿಯವರಿಗೂ ಉತ್ತರ ಪತ್ರಿಕೆ ತಿದ್ದುವಾಗ ಅಂಕ ತಪ್ಪುತ್ತಿತ್ತು. ಸರಿ, ಚೈತನ್ಯ ಹೆಡ್‌ಫೋನ್ ಹಾಕಿಕೊಂಡ. ಮನೆ ತಣ್ಣಗಾಯಿತು. ಸುಧಾ ಅಂಗನವಾಡಿಯಲ್ಲಿ ಟೀಚರು, ಬೆಳಗ್ಗೆ ಹೋದರೆ ಮಧ್ಯಾಹ್ನ ದಾಟಿ ಬರುವವಳು. ಒಂದು ದಿನ ಅವಳು ಅಲ್ಲಿದ್ದಾಗ, ಅಜ್ಜಿ ಬಚ್ಚಲಲ್ಲಿದ್ದಾಗ, ಗ್ಯಾಸಿನವನು ಗೇಟಿನ ಹತ್ತಿರ ನಿಂತು ಕೂಗಿ ಕೂಗಿ ಸಿಲಿಂಡರನ್ನು ವಾಪಸ್ ಕೊಂಡೊಯ್ದ. ಎರಡು ಕಿವಿಗೂ ಮುಚ್ಚಳ ಹಾಕಿಕೊಂಡ ಚೈತನ್ಯನಿಗೆ ಏನೂ ಕೇಳಿಸಲಿಲ್ಲ. ಅಂದೇ ಸಂಜೆ ಒಲೆಯಲ್ಲಿದ್ದ ಗ್ಯಾಸೂ ಮುಗಿಯಿತು.

“ಕಣ್ಣಂತೂ ಇಲ್ಲ, ಕಿವೀನೂ ಮುಚ್ಕೊಂಡ್ ಕೂತ್ರೆ ಹೆಂಗೋ?” ಎಂದುಬಿಟ್ಟಳು ಸುಧಾ. ಆ ರಾತ್ರಿ ಎಲ್ಲರೂ ಅವಲಕ್ಕಿ ಮೊಸರು ತಿಂದರು. ಚೈತನ್ಯನಿಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ಅಮ್ಮ ಅಂದದ್ದು ನಿಜವಾಗಿತ್ತಲ್ಲ ಎಂದು ಸಂಕಟವಾಯಿತು.

ರಾಜಿ ಮಾಡಿಸಿದವಳು ಅಜ್ಜಿ. “ಒಂದ್ ಕಿವಿ ನಿನ್ ರಾಯಂಗೆ ಕೊಡು, ಇನ್ನೊಂದ್ ಕಿವಿ ಮನೆಗಿರ್ಲಿ.” ಅಂದಿನಿಂದ ಚೈತನ್ಯ ಎಡಗಿವಿಗೆ ಮಾತ್ರ ಇಯರ್‌ಫೋನ್ ಸಿಕ್ಕಿಸಿಕೊಂಡ. ಬಲಗಿವಿಯಲ್ಲಿ ಕುಕ್ಕರಿನ ಸೀಟಿ, ಹಾಲಿನವನ ಬೆಲ್ಲು, ಅಜ್ಜಿಯ ಸೊಸೆಯ ಅಳು.

ಎಡಗಿವಿಯಲ್ಲಿ ಮಾತ್ರ ಒಂದು ಸಂಜೆಯೆಲ್ಲ ಏನೂ ಕೇಳಿಸಲಿಲ್ಲ. ಅವನು ಪೈಥಾನ್ ಕಲಿಯಲು ಹೊರಟಿದ್ದ. ಕಂಪ್ಯೂಟರಿಗೆ ಕೆಲಸ ಹೇಳಲು ಬಳಸುವ ಭಾಷೆಗಳಲ್ಲಿ ಹೊಸಬರಿಗೆ ಹಿತವಾದದ್ದು ಅದು ಎಂದು ಕೇಳಿದ್ದ. ಅದರ ಜೊತೆಯಲ್ಲೇ ಬರುವ ಬರೆಯುವ ಕಿಟಕಿಯನ್ನು ತೆರೆದು ಬರೆದೇ ಬರೆದ. ಸದ್ದೇ ಇಲ್ಲ. ಕೀಬೋರ್ಡು ಕೆಟ್ಟಿದೆ ಎಂದುಕೊಂಡು ತಿರುವಿ ಹಾಕಿ ತಟ್ಟಿದ.

ಹಿಂದೆ ಹಾದು ಹೋಗುತ್ತಿದ್ದ ಅಶ್ವಥ್ ತಡೆಯಲಾರದೆ, “ಯಾಕೋ ಹಂಗ್ ಬಡೀತೀಯ? ತೆರೆ ತುಂಬಾ ಬರ್ದಿದೀಯಲ್ಲ” ಎಂದ.

“ಬಂದಿದ್ಯಾ? ಅಕ್ಷರ ಎಲ್ಲಾ ಬಂದಿದ್ಯಾ?”

“ಅಡ್ಡಾದಿಡ್ಡಿ ಬಂದೈತೆ.” ಇಷ್ಟು ಹೇಳಿ ತಾನು ಮುನಿಸಿಕೊಂಡಿರುವುದು ನೆನಪಾಗಿ ಅಶ್ವಥ್ ಹೊರಟುಹೋದ.

ತೆರೆಯಲ್ಲಿ ಎಲ್ಲ ಇತ್ತು, ಕಿವಿಗೆ ಒಂದೂ ಇರಲಿಲ್ಲ. ಅರುಣಕ್ಕನ ಎರಡನೇ ಪ್ರಶ್ನೆಗೇ ಆ ಕಿಟಕಿ ಫೇಲಾಯಿತು. ಚೈತನ್ಯ ಅದನ್ನು ಮುಚ್ಚಿದ. ಆಮೇಲೆ ಎಲ್ಲರೂ ಹೊಗಳುವ, ಬರೆಯುವುದಕ್ಕೆಂದೇ ಇರುವ ದೊಡ್ಡ ತಂತ್ರಾಂಶವೊಂದನ್ನು ಹಾಕಿಕೊಂಡ. ಅದು ಮಾತಾಡುತ್ತಿತ್ತು, ನಿಜ. ಆದರೆ ಒಂದಕ್ಷರ ಬರೆದರೆ ‘ಹೀಗೆ ಬರೆಯಬೇಕೆಂದಿದ್ದೀಯಾ’ ಎಂದು ಹತ್ತು ಸಲಹೆ ಹೇಳುತ್ತಿತ್ತು. ಮದುವೆಮನೆಯಲ್ಲಿ ಕಳೆದುಹೋದ ಮಗುವಿನ ಹಾಗೆ ಅವನು ಅದರೊಳಗೆ ಎಲ್ಲಿದ್ದೇನೆಂದು ತಿಳಿಯದೆ ಸುತ್ತಿದ. ಒಳ್ಳೆಯದೇ, ಆದರೆ ಇವತ್ತಿಗಲ್ಲ ಎಂದು ಎತ್ತಿಟ್ಟ.

ಕೊನೆಗೆ ಕೈಗೆ ಬಂದದ್ದು ನೋಟ್‌ಪ್ಯಾಡ್. ಎಲ್ಲರ ಕಂಪ್ಯೂಟರಿನಲ್ಲೂ ಇರುವ, ಯಾರೂ ಮೂಸಿ ನೋಡದ ಬೋಳು ಹಾಳೆ. ಅದರಲ್ಲಿ ಬರೆದಿಟ್ಟು, ಇನ್ನೊಂದು ಕಿಟಕಿಯಲ್ಲಿ ಆ ಹಾಳೆಯ ಹೆಸರು ಬರೆದು ಎಂಟರ್ ಒತ್ತಿದರೆ ಉತ್ತರ ಬರುತ್ತಿತ್ತು. ಮೊದಲ ಸಲ ಬಂದದ್ದು ಉತ್ತರವಲ್ಲ, ತಪ್ಪು. ‘ಎರಡನೇ ಸಾಲಿನಲ್ಲಿ ತಪ್ಪಿದೆ’ ಎಂದು ಇಂಗ್ಲಿಷಿನಲ್ಲಿ ಹೇಳಿತು. ಚೈತನ್ಯನಿಗೆ ಕುಣಿಯುವಷ್ಟು ಸಂತೋಷವಾಯಿತು. ಕಣ್ಣು ಹೋದಾಗಿನಿಂದ ಅವನು ತಪ್ಪು ಮಾಡಿದರೆ ಯಾರೂ ಹೇಳುತ್ತಿರಲಿಲ್ಲ, ಸದ್ದಿಲ್ಲದೆ ತಾವೇ ಸರಿಮಾಡಿಬಿಡುತ್ತಿದ್ದರು. ಈ ಯಂತ್ರ ಮುಲಾಜಿಲ್ಲದೆ ತಪ್ಪು ಎಂದಿತು, ಎಲ್ಲಿ ಎಂದೂ ಹೇಳಿತು, ತಿದ್ದುವುದನ್ನು ಅವನಿಗೇ ಬಿಟ್ಟಿತು.

“ಅಜ್ಜೀ, ನಂದು ತಪ್ಪಾಯ್ತು!” ಎಂದು ಕೂಗಿದ.

“ಏನ್ಲಾ ಒಡ್ದಾಕ್ದೆ?” ಎಂದಳು ಅಜ್ಜಿ ಒಳಗಿನಿಂದ.

ಹೀಗೆ ಸಾಮಾನು ಸಿಕ್ಕಿತು. ಅದರಿಂದ ಮಾಡುವುದೇನು ಎಂಬುದನ್ನು ನಲ್ಲಿ ನೀರು ತೀರ್ಮಾನಿಸಿತು. ಬೇಸಿಗೆ ಬಂದರೆ ಉಪ್ಪಾರಹಳ್ಳಿಗೆ ನೀರು ಯಾವಾಗ ಬಿಡುತ್ತಾರೋ ನೀರು ಬಿಡುವವನಿಗೇ ಗೊತ್ತು. ಬಂದ ದಿನ ಬೆಳಗ್ಗೆ ಎದ್ದು ಡ್ರಮ್ಮು ತುಂಬಿಸಬೇಕು, ಮೋಟರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸಬೇಕು. ಆ ದಿನ ಸುಧಾ ಮೋಟರ್ ಹಾಕಿ, ಹಾಲು ಒಲೆಗಿಟ್ಟು, ಅಶ್ವಥನ ಡಬ್ಬಿಗೆ ಚಿತ್ರಾನ್ನ ಕಲೆಸುತ್ತಿದ್ದಳು. ಟ್ಯಾಂಕು ತುಂಬಿ ಪಕ್ಕದ ಮನೆಯ ಅಂಗಳಕ್ಕೆ ಸುರಿಯಿತು. ಪಕ್ಕದ ಮನೆಯಾಕೆ ಸಿದ್ದಲಕ್ಷ್ಮಮ್ಮ ಗೋಡೆಯಾಚೆಯಿಂದಲೇ ಹೊಸ ರಂಗೋಲಿಯ ಚರಮಗೀತೆ ಹಾಡಿದಳು.

“ಒಬ್ರಾದ್ರೂ ಮೋಟ್ರು ಆಫ್ ಮಾಡ್ಬಾರ್ದಾ?” ಎಂದಳು ಸುಧಾ, ಸಿಟ್ಟಿನಿಂದ.

“ಮೊನ್ನೆ ನಾನೇ ಹಿಡಿದಿದ್ನಲ್ಲೇ ನೀರು” ಎಂದರು ಶಿವಮೂರ್ತಿ.

“ಯಾವ ಮೊನ್ನೆ ರೀ? ಸಂಕ್ರಾಂತಿಗಾ?”

“ನನ್ಗೆ ಬಸ್ಸು ತಪ್ಪುತ್ತಮ್ಮ” ಎಂದು ಅಶ್ವಥ್ ಡಬ್ಬಿ ಎತ್ತಿಕೊಂಡು ಓಡಿದ.

ಒಲೆಯ ಮೇಲೆ ಅಮ್ಮನ ಕಾಫಿಯ ಪಾತ್ರೆ ಮತ್ತೆ ಕೂತದ್ದು ಚೈತನ್ಯನ ಬಲಗಿವಿಗೆ ಕೇಳಿಸಿತು. ಅಂದೇ ಅವನು ಬರೆಯಲು ಕೂತ. ಮನೆಯವರ ಹೆಸರು ಒಂದಾದ ಮೇಲೊಂದು, ವಾರದ ದಿನಗಳು ಒಂದಾದ ಮೇಲೊಂದು. ಹಾಲು, ಕಾಫಿ, ನೀರು ಎಂಬ ಬೆಳಗಿನ ಪಾಳಿ ಯಾವ ದಿನ ಯಾರದು ಎಂದು ಕಂಪ್ಯೂಟರೇ ಹೇಳಬೇಕು. ಯಾರೂ ‘ಮೊನ್ನೆ ನಾನೇ’ ಎನ್ನುವ ಹಾಗಿರಬಾರದು. ಕಣ್ಣಿರುವವರಿಗೆ ಒಂದು ಗಂಟೆಯ ಕೆಲಸವಿರಬಹುದು, ಅವನಿಗೆ ಎರಡು ವಾರ ಹಿಡಿಯಿತು. ಬರೆದು, ಕೇಳಿ, ಅಳಿಸಿ, ಮತ್ತೆ ಬರೆದ. ಅಶ್ವಥ್ ಬಾಗಿಲ ಹತ್ತಿರ ಬಂದು ನಿಲ್ಲುತ್ತಿದ್ದುದು ಅವನಿಗೆ ಗೊತ್ತಾಗುತ್ತಿತ್ತು, ಕರೆಯಲಿಲ್ಲ.

ಯುಗಾದಿಗೆ ಮುಂಚಿನ ಭಾನುವಾರ ತಿಂಡಿಗೆ ಕೂತಿದ್ದಾಗ ಚೈತನ್ಯ ಲ್ಯಾಪ್‌ಟಾಪ್ ತಂದು ಇಯರ್‌ಫೋನ್ ಕಿತ್ತ. “ಅಪ್ಪಾ, ಒಂದ್ನಿಮಿಷ. ಯಾರ ಕೈಯೂ ತಾಕಿಲ್ಲ ಇದಕ್ಕೆ” ಎಂದ. ಎಂಟರ್ ಒತ್ತಿದ.

ಪಿಟಿಪಿಟಿ ರಾಯ ಮೂಗಿನಲ್ಲಿ ಶುರುಮಾಡಿದ. ಸೋಮವಾರ, ಸುಧಾ. ಮಂಗಳವಾರ, ಸುಧಾ. ಬುಧವಾರ, ಸುಧಾ. ಗುರುವಾರ, ಸುಧಾ.

ಚೈತನ್ಯನ ಮುಖ ಬಿಸಿಯಾಯಿತು. ನಿಲ್ಲಿಸಲು ಹೋದ, ಕೀ ಸಿಗಲಿಲ್ಲ. ಶುಕ್ರವಾರ, ಸುಧಾ. ಶನಿವಾರ, ಸುಧಾ. ಭಾನುವಾರ, ಸುಧಾ.

ಸುಧಾ ನಗಲು ಶುರುಮಾಡಿದಳು. ದೋಸೆ ಹುಯ್ಯುವ ಸೌಟನ್ನು ಹಿಡಿದುಕೊಂಡೇ ನಕ್ಕಳು, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ಸುಳ್ಳೇನ್ ಹೇಳ್ತು ಅದು? ಇಪ್ಪತ್ತೇಳು ವರ್ಷಕ್ಕೆ ಈ ಮನೇಲಿ ಒಬ್ರು ಸರಿಯಾಗ್ ಹೇಳಿದ್ರು ನೋಡು!” ಎಂದಳು. ನಗು ಎಲ್ಲೋ ಒಂದು ಕಡೆ ಒಡೆಯಿತು. ಒಲೆಯ ಕಡೆ ತಿರುಗಿ ದೋಸೆ ಹುಯ್ದಳು.

ಶಿವಮೂರ್ತಿಯವರು ಗಂಟಲು ಸರಿಮಾಡಿಕೊಂಡರು, ತೀರ್ಮಾನ ಮಾತ್ರ ಹೊರಡಲಿಲ್ಲ.

“ತಪ್ಪಾಗಿದೆ ಅಪ್ಪ. ಹೆಸರು ಬದಲಾಗಬೇಕಿತ್ತು” ಎಂದ ಚೈತನ್ಯ. ಅವನ ದನಿ ಸಣ್ಣಗಾಗಿತ್ತು. ಗುಬ್ಬಿಯ ಮಂಡಿಯ ಫೋನು ಕಿವಿಯಲ್ಲಿ ಆಗಲೇ ಬಡಿದುಕೊಳ್ಳುತ್ತಿತ್ತು.

ಅಶ್ವಥ್ ಎದ್ದು ಬಂದ. “ಕೊಡಿಲ್ಲಿ, ನಾನ್ ನೋಡ್...” ಎಂದು ಕೈ ಚಾಚಿದವನು ಅರ್ಧಕ್ಕೇ ಹಿಂದಕ್ಕೆಳೆದುಕೊಂಡ. “ಇಲ್ಲ ಕಣೋ, ಮುಟ್ಟಲ್ಲ. ನೀನೇ ನೋಡು. ಯುಗಾದಿಗೆ ಇನ್ನೂ ನಾಕು ದಿನ ಐತೆ.” ತಮ್ಮನ ಹೆಗಲ ಮೇಲೆ ಕೈಯಿಟ್ಟು ಅದುಮಿದ. ಮೌಸು ಹಿಡಿದು ಮಾಡಿಕೊಟ್ಟ ಸಹಾಯಕ್ಕಿಂತ ಅದು ದೊಡ್ಡದಾಗಿತ್ತು.

ಚೈತನ್ಯ ಅರುಣಕ್ಕನಿಗೆ ಫೋನ್ ಮಾಡಿ ಬರೆದದ್ದನ್ನೆಲ್ಲ ಓದಿ ಹೇಳಿದ. ಅವಳು ಕೇಳಿಸಿಕೊಂಡು, “ಸಾಲೆಲ್ಲ ಸರಿ ಐತೆ. ಸಾಲಿನ ಮುಂದೆ ಬಿಟ್ಟಿರೋ ಖಾಲಿ ಜಾಗ ಕೇಳಿಸ್ಕೊಂಡ್ಯಾ?” ಎಂದಳು. ಪೈಥಾನಿನಲ್ಲಿ ಆ ಜಾಗಕ್ಕೂ ಅರ್ಥವಿದೆ. ಒಳಗೆ ಸರಿದ ಸಾಲು ಪ್ರತಿ ದಿನಕ್ಕೂ ನಡೆಯುತ್ತದೆ, ಹೊರಗೇ ನಿಂತದ್ದು ಕೊನೆಗೆ ಒಂದೇ ಒಂದು ಸಲ.

“ಖಾಲಿ ಜಾಗ ಅದು ಓದಲ್ವಲ್ಲ ಅಕ್ಕಾ.”

“ತಾನಾಗಿ ಓದಲ್ಲ, ನೀನು ಓದಿಸ್ಬೇಕು. ಎನ್‌ವಿಡಿಎ ಸೆಟ್ಟಿಂಗ್‌ನಲ್ಲಿ ಐತೆ, ಹುಡ್ಕು. ಮಾತಲ್ಲಿ ಬೇಕಾದ್ರೆ ಮಾತಲ್ಲಿ ಹೇಳುತ್ತೆ. ಸಾಕಾಗುತ್ತೆ ಅದು ಕೇಳಿ. ನಾದದಲ್ಲಿ ಇಟ್ಕೋ. ಸಾಲು ಒಳಗೆ ಹೋದ್ರೆ ನಾದ ಏರುತ್ತೆ, ಆಚೆ ಬಂದ್ರೆ ಇಳಿಯುತ್ತೆ.”

ಹುಡುಕಿದ, ಸಿಕ್ಕಿತು. ಬಾಣದ ಕೀಲಿಯಿಂದ ಒಂದೊಂದೇ ಸಾಲು ಇಳಿದ. ‘ಟೂ’ ಎಂದು ತಗ್ಗು ದನಿ. ಮುಂದಿನ ಸಾಲಿಗೆ ‘ಟೀ’ ಎಂದು ಏರಿತು. ಡ್ರಮ್ಮಿಗೆ ನೀರು ಬೀಳುವಾಗ ತುಂಬಿದಷ್ಟೂ ಸದ್ದು ಏರುತ್ತದಲ್ಲ, ಹಾಗೆ. 'ಮುಂದಿನ ಹೆಸರಿಗೆ ಹೋಗು' ಎಂಬ ಕೊನೆಯ ಸಾಲಿಗೆ ಬಂದ. ದನಿ ದಡಕ್ಕನೆ ಕೆಳಗೆ ಬಿತ್ತು. ಆ ಸಾಲು ಹೊರಗೆ ನಿಂತಿತ್ತು! ಅದಕ್ಕೇ ಹೆಸರು ಮುಂದಕ್ಕೆ ಸರಿಯದೆ ವಾರವೆಲ್ಲ ಅಮ್ಮನ ಹೆಗಲೇರಿತ್ತು. ಅವನು ಆ ಸಾಲನ್ನು ಒಳಗೆ ತಳ್ಳಿದ. ಕೊನೆಯ ಹೆಸರಾದ ಮೇಲೆ ಮತ್ತೆ ಮೊದಲಿಗೆ ಬರುವ ಹಾಗೆ ಇನ್ನೊಂದು ಸಾಲು ಸೇರಿಸಿದ. ಕೂತಲ್ಲೇ ಒಬ್ಬನೇ ನಕ್ಕ.

ಸಂಜೆ ಮತ್ತೆ ಎಲ್ಲರನ್ನೂ ಕೂಡಿಸಿದ. ಸೋಮವಾರ, ಸುಧಾ. ಮಂಗಳವಾರ, ಶಿವಮೂರ್ತಿ. ಬುಧವಾರ, ಲಕ್ಷ್ಮೀದೇವಮ್ಮ. ಗುರುವಾರ, ಅಶ್ವಥ್. ಶುಕ್ರವಾರ ಮತ್ತೆ ಸುಧಾ.

“ಯುಗಾದಿ ದಿನಾನೇ ನನ್ ತಲೆಗಾ!” ಎಂದ ಅಶ್ವಥ್.

ಶಿವಮೂರ್ತಿಯವರು ಇನ್ನೊಂದು ಸಲ ಹಾಕಿಸಿ ಕೇಳಿದರು. “ಇದು... ಸರಿಯಾಗೇ ಐತೆ” ಎಂದರು. ಮೇಷ್ಟ್ರು ಸರಿ ಹಾಕಿದರೆ ಪೂರ್ತಿ ಅಂಕ ಎಂದೇ ಅರ್ಥ. ಚೈತನ್ಯನ ಮೈ ಹಗುರವಾಯಿತು.

“ತಡೀರಿ” ಎಂದಳು ಲಕ್ಷ್ಮೀದೇವಮ್ಮ. “ಲೋ ಚೈತು, ಮಂಡಿ ನೋವಿನ ಮುದುಕಿ, ನನ್ನೆಸ್ರೈತೆ. ನಿಂದೆಲ್ಲೋ?”

ಚೈತನ್ಯ ಹೆಸರುಗಳ ಸಾಲಿಗೆ ಹೋಗಿ ಎಣಿಸಿದ. ಅವನು ಬೇಕೆಂದು ಬಿಟ್ಟಿರಲಿಲ್ಲ. ಬಿಟ್ಟದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಮನೆಯಲ್ಲಿ ಕೆಲಸ ಮಾಡುವವರು ಯಾರು ಎಂದು ನೆನೆದಾಗ ಕೈ ತಾನಾಗಿ ನಾಲ್ಕು ಹೆಸರು ಬರೆದು ನಿಂತಿತ್ತು. ಇಷ್ಟು ವರ್ಷ ಮನೆಯವರು ತನ್ನನ್ನು ಲೆಕ್ಕದಿಂದ ಬಿಟ್ಟಿದ್ದಾರೆ ಎಂದು ನೊಂದುಕೊಂಡವನು ತಾನೇ ತನ್ನನ್ನು ಬಿಟ್ಟಿದ್ದ.

“ಅವನ್ಯಾಕೆ ಬುಡಿ ಅತ್ತೆ” ಎಂದಳು ಸುಧಾ ಗಾಬರಿಯಿಂದ. “ಗ್ಯಾಸು, ಮೋಟ್ರು, ಕರೆಂಟು. ಕೈಗಿಯ್ ಸುಟ್ಕೊಂಡ್ರೆ? ಅವನ ಪಾಳಿ ನಾನೇ ಮಾಡ್ತೀನಿ.”

“ಹಂಗಾರೆ ಮತ್ತೆ ಸುಧಾ, ಸುಧಾ ಅಂತ್ಲೇ ಹೇಳ್ಸು” ಎಂದಳು ಅಜ್ಜಿ.

ಚೈತನ್ಯ ಕೀಬೋರ್ಡಿನ ಮೇಲೆ ಬೆರಳಿಟ್ಟ. ಒಂದೊಂದೇ ಅಕ್ಷರವನ್ನು ರಾಯ ಗಟ್ಟಿಯಾಗಿ ಹೇಳಿದ, ಮನೆಮಂದಿಯೆಲ್ಲ ಕೇಳಿಸಿಕೊಂಡರು. ಎಂಟರ್. ಶುಕ್ರವಾರ, ಚೈತನ್ಯ.

“ಯುಗಾದಿ ಮಾರನೇ ದಿನ, ವರ್ಷದ ತೊಡಕು” ಎಂದಳು ಅಜ್ಜಿ, ಗೆದ್ದವಳಂತೆ. “ಆವತ್ತು ಏನ್ ಮಾಡ್ತಾನೋ ವರ್ಷೆಲ್ಲಾ ಅದನ್ನೇ ಮಾಡ್ತಾನೆ, ನೋಡ್ತಿರು.”

ಸೋಮವಾರ ಸುಧಾ. ಮಂಗಳವಾರ ಶಿವಮೂರ್ತಿಯವರು ಹಾಲು ಉಕ್ಕಿಸಿದರು. ಬುಧವಾರ ಅಜ್ಜಿ ಸ್ಟೂಲಿನ ಮೇಲೆ ಕೂತು ಒಳ್ಳೆಯ ಕಾಫಿ ಮಾಡಿದಳು, ಅದನ್ನು ಸಂಜೆಯವರೆಗೂ ಹೇಳಿಕೊಂಡಳು. ಹಬ್ಬದ ದಿನ ಅಶ್ವಥ್ ಎದ್ದದ್ದೇ ಒಂದು ಸುದ್ದಿಯಾಯಿತು. ಸರ್ಟಿಫಿಕೇಟಿಗೆಂದು ಮಾಡಿಸಿದ್ದ ಫ್ರೇಮಿನಲ್ಲಿ ಅವನು ಪಾಳಿಯ ಪಟ್ಟಿಯನ್ನು ಪ್ರಿಂಟ್ ತೆಗೆದು ಹಾಕಿ ಅಡುಗೆಮನೆಯ ಗೋಡೆಗೆ ನೇತುಹಾಕಿದ. “ಕಣ್ಣಿರೋರ ಅನುಕೂಲಕ್ಕೆ” ಎಂದ. ಚೈತನ್ಯ ಎಷ್ಟೋ ದಿನಗಳ ಮೇಲೆ ಅಣ್ಣನ ಬೆನ್ನಿಗೊಂದು ಗುದ್ದಿದ.

ಶುಕ್ರವಾರ ಬೆಳಗ್ಗೆ ನಲ್ಲಿಯ ಪೈಪು ‘ಸುಂಯ್’ ಎಂದು ಗಾಳಿ ಬಿಟ್ಟಿತು. ಚೈತನ್ಯ ಆಗಲೇ ಎದ್ದು ಕೂತಿದ್ದ. ಪೈಪನ್ನು ಡ್ರಮ್ಮಿಗಿಟ್ಟ. ನೀರು ತಳಕ್ಕೆ ಬಿದ್ದಾಗ ದಪ್ಪ ದನಿ, ಬರಬರುತ್ತಾ ಏರಿತು. ಕಂಠದ ಹತ್ತಿರ ಸದ್ದು ಸಣ್ಣಗಾದ ಕೂಡಲೇ ಪೈಪು ಎತ್ತಿದ. ಒಂದು ಹನಿ ಹೊರಚೆಲ್ಲಲಿಲ್ಲ. ಮೋಟರ್ ಹಾಕಿ ಮೆಟ್ಟಿಲ ಬುಡದಲ್ಲಿ ನಿಂತು ಮೇಲಿನ ಟ್ಯಾಂಕಿನ ದನಿಯನ್ನು ಕೇಳಿದ. ತುಂಬುವ ಹೊತ್ತಿಗೆ ಸರಿಯಾಗಿ ಆಫ್ ಮಾಡಿದ. ಗೋಡೆಯಾಚೆ ರಂಗೋಲಿ ಹಾಕುತ್ತಿದ್ದ ಸಿದ್ದಲಕ್ಷ್ಮಮ್ಮ, “ಇವತ್ತು ಯಾರಪ್ಪಾ ಮೋಟ್ರು ಹಾಕಿದ್ದು?” ಎಂದು ಕೇಳಿದಳು.

“ನಾನು ಆಂಟಿ!”

ಅಡುಗೆಮನೆಯ ಬಾಗಿಲಲ್ಲಿ ಬಳೆ ಸದ್ದಾಗುತ್ತಿತ್ತು. ಅಮ್ಮ ಅಲ್ಲೇ ನಿಂತಿದ್ದಳು. ಅವನು ಲೈಟರ್ ಒತ್ತಿದಾಗ ಆ ಬಳೆಗಳು ಮುಂದೆ ಬಂದವು. “ಸುಧಾ, ಬಾ ಇಲ್ಲಿ, ಕೂತ್ಕೋ” ಎಂದರು ಅಪ್ಪ ನಡುಮನೆಯಿಂದ. ಬಳೆಗಳು ಹಿಂದೆ ಸರಿದವು. ಚೈತನ್ಯ ಹಾಲು ಏರುವ ಸದ್ದಿಗೆ ಕಿವಿಯಿಟ್ಟು ಉರಿ ಇಳಿಸಿದ. ಡಿಕಾಕ್ಷನ್ ಸ್ವಲ್ಪ ಕಟ್ಟೆಯ ಮೇಲೆ ಚೆಲ್ಲಿತು, ಬೆರಳಿಗೂ ಒಂದಿಷ್ಟು ತಾಕಿತು. ತಣ್ಣೀರಿನಲ್ಲಿ ಅದ್ದಿಕೊಂಡು ಯಾರಿಗೂ ಹೇಳಲಿಲ್ಲ. ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು, ಗೋಡೆ ಸವರಿಕೊಂಡು ಹೊರಬಂದು ಮೊದಲ ಲೋಟವನ್ನು ಅಮ್ಮನ ಕಡೆ ಚಾಚಿದ.

“ಸಕ್ರೆ ಜಾಸ್ತಿ ಆಯ್ತು” ಎಂದರು ಶಿವಮೂರ್ತಿ.

“ಸುಮ್ನೆ ಕುಡೀರಿ” ಎಂದಳು ಸುಧಾ. ಅವಳು ಊದಿ ಊದಿ ಕುಡಿಯುತ್ತಿದ್ದಳು. ಅಮ್ಮ ಕಾಫಿ ಊದುವುದನ್ನು ಚೈತನ್ಯ ಕೇಳಿದ್ದು ಅದೇ ಮೊದಲು. ಒಲೆಯ ಮೇಲೆ ಆ ಪುಟ್ಟ ಪಾತ್ರೆ ಕೂರಲಿಲ್ಲ. ಖಾಲಿ ಲೋಟ ನೆಲಕ್ಕಿಟ್ಟು ಅವಳು, “ಬಿಸಿ ಇತ್ತು ಕಣೋ” ಎಂದಳು, ಅಷ್ಟೆ. ಮೂಗು ಒರೆಸಿಕೊಂಡ ಸದ್ದು ಬಂತು.

ಅಷ್ಟರಲ್ಲಿ ಅಪ್ಪನ ಫೋನು ಹೊಡೆದುಕೊಂಡಿತು. ಗುಬ್ಬಿಯ ಕರಿಬಸಮ್ಮನ ದನಿ ಸ್ಪೀಕರ್ ಹಾಕದಿದ್ದರೂ ಮನೆಯೆಲ್ಲ ಕೇಳುವಂಥದು.

“ಹಬ್ಬ ಆಯ್ತಲ್ಲೋ ಶಿವು, ಹುಡುಗುನ್ನ ಭಾನುವಾರ ಕರ್ಕಂಡ್ ಬತ್ತೀಯೋ, ನಾನೇ ಕಾರ್ ಕಳಿಸ್ಲೋ?”

ಚೈತನ್ಯನ ಕೈ ತಟ್ಟೆಯ ಅಂಚಿನಲ್ಲಿ ನಿಂತಿತು. ಶಿವಮೂರ್ತಿಯವರು ಗಂಟಲು ಸರಿಮಾಡಿಕೊಂಡರು.

“ಇಲ್ಲ ಅಕ್ಕಾ, ಅವನು ಬರಕ್ಕಾಗಲ್ಲ. ಸರದಿ ತಿರುಗಿ ಬರೋ ಬುಧವಾರ ಮತ್ತೆ ಅವನ ಪಾಳಿ ಐತೆ.”

“ಪಾಳಿನಾ? ಅವನಿಗೆಂಥಾ ಪಾಳಿಯೋ?”

“ಬೆಳಗಿನ ಪಾಳಿ ಅಕ್ಕಾ. ಅವ್ನು ಅಲ್ಲಿಗ್ ಬಂದ್ರೆ ಇಲ್ಲಿ ನೀರು ಹಿಡಿಯೋರ್ಯಾರು?”